ಏರಿನಲ್ಲಿ ಕ್ಲಚ್ ಜಾರುತ್ತಿದೆ (ಈಗ ಸೆಲ್ಫೂ ಹೊಡೀತಿಲ್ಲ!)

ಬೆಟ್ಟದಮನೆ · ಏಪ್ರಿಲ್ 27

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮದು ಸಿದ್ದಾಪುರದ ಕಡೆ ಎರಡು ಎಕರೆ ಅಡಿಕೆ ತೋಟ. ಅಪ್ಪ ತಂದ 18 ಎಚ್‌ಪಿಯ ಚಿಕ್ಕ ಟ್ರ್ಯಾಕ್ಟರ್ ಇದೆ. ಮೂರು ಸಿಲಿಂಡರ್ ಡೀಸೆಲ್, ನಾಲ್ಕೂ ಚಕ್ರ ಎಳೆಯುವಂಥದ್ದು. ಅಡಿಕೆ ಸಾಲಿನ ನಡುವೆ ದೊಡ್ಡ ಟ್ರ್ಯಾಕ್ಟರ್ ನುಗ್ಗುವುದಿಲ್ಲ, ಇದು ನುಗ್ಗುತ್ತದೆ. ಬಂದು 14 ವರ್ಷವಾಯಿತು. ಕಂಪನಿ ಹೆಸರು ಬೇಡ ಬಿಡಿ. ತಪ್ಪು ಅವರದ್ದಲ್ಲ, 14 ವರ್ಷ ಎಗ್ಗಿಲ್ಲದೆ ದುಡಿಸಿದ ನಮ್ಮದು.

ತೊಂದರೆ ಹೀಗೆ. ಬೆಟ್ಟದಿಂದ ದರಕು (ಒಣ ಎಲೆ) ತುಂಬಿದ ಟ್ರಾಲಿ ತರುವಾಗ ಮನೆ ಹತ್ತಿರದ ಏರಿನಲ್ಲಿ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಸುಟ್ಟ ವಾಸನೆ ಬರುತ್ತದೆ. ಟ್ರಾಲಿ ಖಾಲಿ ಇದ್ದರೆ ಏನೂ ಗೊತ್ತಾಗುವುದಿಲ್ಲ. ಇದರ ಜೊತೆ ಕರೆಂಟಿನ ಕಿರಿಕಿರಿ ಬೇರೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಜ್ವರ ಬಂದವರ ಹಾಗೆ ತಿರುಗುತ್ತದೆ. ಬ್ಯಾಟರಿ ಎರಡೇ ವರ್ಷದ್ದು.

ಪೇಟೆಯ ಗ್ಯಾರೇಜಿನವರೊಬ್ಬರು ಫೋನಿನಲ್ಲೇ ಲೆಕ್ಕ ಹೇಳಿದರು. ಕ್ಲಚ್ ಸೆಟ್ ಪೂರ್ತಿ, ಬ್ಯಾಟರಿ, ಸೆಲ್ಫ್ ಮೋಟರ್, ಎಲ್ಲ ಸೇರಿ 25 ಸಾವಿರ ಇಟ್ಟುಕೊಳ್ಳಿ ಎಂದರು. ಗಾಡಿ ನೋಡದೆ ಹೇಳಿದ್ದು ಯಾಕೋ ಸರಿ ಅನಿಸಲಿಲ್ಲ. ಜೂನ್ ಮೊದಲ ವಾರ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಡ್ರಮ್ ಸಾಗಿಸಬೇಕು. ಅಷ್ಟರೊಳಗೆ ಮುಗಿಯಬೇಕು. ಎಲ್ಲಿಂದ ಶುರು ಮಾಡಲಿ?


ಕಬ್ಬಿನಗದ್ದೆ · ಏಪ್ರಿಲ್ 27

ಕ್ಲಚ್ ಪ್ಲೇಟ್ ಹೋಗಿದೆ ಅಷ್ಟೇ. ಬಿಚ್ಚಿ ಹೊಸದು ಹಾಕ್ಸಿ. ಇದರಲ್ಲಿ ಕೇಳೋದೇನಿದೆ?


ಹದಿಮೂರು ಪಾನಾ · ಏಪ್ರಿಲ್ 27

ಗದ್ದೆಯವರೇ, ಪ್ಲೇಟ್ ಹೋಗಿರಲೂಬಹುದು. ಆದರೆ ಬಿಚ್ಚುವುದು ಅಂದರೆ ಟ್ರ್ಯಾಕ್ಟರನ್ನು ನಡುವೆ ಎರಡು ತುಂಡು ಮಾಡುವುದು. ಅದಕ್ಕೆ ಮೊದಲು ಐದು ನಿಮಿಷದ ಕೆಲಸ ಒಂದಿದೆ.

ಬೆಟ್ಟದಮನೆಯವರೇ, ಇಂಜಿನ್ ಬಂದ್ ಮಾಡಿ ಕ್ಲಚ್ ಪೆಡಲನ್ನು ಕಾಲಿನಿಂದಲ್ಲ, ಕೈಯಿಂದ ಒತ್ತಿ. ಮೊದಲು ಸ್ವಲ್ಪ ದೂರ ಹಗುರಾಗಿ ಹೋಗಬೇಕು, ಆಮೇಲೆ ಬಿಗಿ ಸಿಗಬೇಕು. ಆ ಹಗುರ ಓಟಕ್ಕೆ ನಾವು ಪ್ಲೇ ಅನ್ನುತ್ತೇವೆ. ಈ ಸೈಜಿನ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಇರುತ್ತದೆ. ನಿಮ್ಮ ಪುಸ್ತಕದಲ್ಲಿ ಸರಿಯಾದ ಅಳತೆ ಇರುತ್ತದೆ, ಅದೇ ಲೆಕ್ಕ.

ಪ್ಲೇಟ್ ಸವೆದ ಹಾಗೆ ಪ್ಲೇ ಕಡಿಮೆಯಾಗುತ್ತಾ ಬರುತ್ತದೆ. ಜಾಸ್ತಿ ಆಗುವುದಿಲ್ಲ. ಇದು ಬಹಳ ಜನರಿಗೆ ತಿರುಗುಮುರುಗು ತಲೆಯಲ್ಲಿರುತ್ತದೆ. ಪ್ಲೇ ಸೊನ್ನೆ ಆದರೆ ನೀವು ಪೆಡಲ್ ಮುಟ್ಟದಿದ್ದರೂ ಪೆಡಲಿನಿಂದ ಸರಿಯುವ ರಿಲೀಸ್ ಬೇರಿಂಗ್, ಕ್ಲಚ್ ಪ್ಲೇಟನ್ನು ಇಂಜಿನ್ನಿನ ಫ್ಲೈವೀಲಿಗೆ ಅದುಮಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೆರಳುಗಳನ್ನು ಒತ್ತುತ್ತಲೇ ಇರುತ್ತದೆ. ಅರ್ಧ ಕ್ಲಚ್ ಹಿಡಿದುಕೊಂಡೇ ಗಾಡಿ ಓಡಿಸಿದ ಹಾಗೆ. ಭಾರ ಬಿದ್ದಾಗ ಜಾರದೆ ಇನ್ನೇನು?

ಮೊದಲು ಪೆಡಲಿನ ರಾಡ್ ಅಡ್ಜಸ್ಟ್ ಮಾಡಿ ಪ್ಲೇ ಸರಿ ಮಾಡಿ. ಆಮೇಲೆ ಪರೀಕ್ಷೆ. ಸಮ ಜಾಗದಲ್ಲಿ, ಎದುರಿಗೆ ಯಾರೂ ಇಲ್ಲದಾಗ, ದೊಡ್ಡ ಗೇರ್ ಹಾಕಿ ಎರಡೂ ಬ್ರೇಕ್ ಒತ್ತಿ ಹಿಡಿದು ಕ್ಲಚ್ ನಿಧಾನ ಬಿಡಿ. ಇಂಜಿನ್ ತಕ್ಷಣ ಬಂದ್ ಬಿದ್ದರೆ ಕ್ಲಚ್ ಹಿಡಿಯುತ್ತಿದೆ. ಬಂದ್ ಬೀಳದೆ ಗುರ್ ಅನ್ನುತ್ತಾ ಇದ್ದರೆ ಜಾರುತ್ತಿದೆ. ಒಂದೇ ಸಲ ಸಾಕು. ಮತ್ತೆ ಮತ್ತೆ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ.


ಕಾಫಿಕಣ · ಏಪ್ರಿಲ್ 28

ಪಾನಾ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ, ಕೆಳಗಡೆ, ಒಂದು ಸಣ್ಣ ತೂತು ಇರುತ್ತದೆ. ಕೆಲವು ಗಾಡಿಯಲ್ಲಿ ಅದಕ್ಕೊಂದು ಪಿನ್ ನೇತುಬಿಟ್ಟಿರುತ್ತಾರೆ. ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿದೆಯಾ ನೋಡಿ. ಒಳಗೆ ಸೋರಿದ ಎಣ್ಣೆ ಪ್ಲೇಟಿಗೆ ಹೋಗದೆ ಹೊರಗೆ ಬರಲಿ ಅಂತ ಆ ತೂತು. ನಮ್ಮ ಆಳುಗಳು ಸೋರ್ತದೆ ಅಂತ ಅದಕ್ಕೆ ಎಂ-ಸೀಲ್ ಮೆತ್ತಿದ್ದರು. ಆಮೇಲೆ ಆದ ಖರ್ಚು ಕೇಳಬೇಡಿ.


ಸುಳ್ಯದ ಮಳೆ · ಏಪ್ರಿಲ್ 28

ಬ್ಯಾಟರಿ ಟರ್ಮಿನಲ್ ಫೋಟೋ ಹಾಕಿ ಮಾರಾಯ್ರೇ. ಸೆಲ್ಫ್ ಮೋಟರ್ ಬದಲಿಸುವ ಮೊದಲು ಅಲ್ಲಿ ನೀಲಿ-ಹಸಿರು ಪುಡಿ ಉಂಟಾ ನೋಡಿ. ಅದು ಏನು ಗೊತ್ತುಂಟಾ? ನಮ್ಮ ಮೈಲುತುತ್ತವೇ! ಬ್ಯಾಟರಿಯ ಆಸಿಡ್ ತಾಮ್ರದ ತುದಿಗೆ ತಾಗಿ ಆದದ್ದು. ನಾವು ದುಡ್ಡು ಕೊಟ್ಟು ತಂದು ಸುಣ್ಣದ ಜೊತೆ ಕಲಸಿ ಅಡಿಕೆಗೆ ಹೊಡೆಯುವ ಅದೇ ವಸ್ತು ಅಲ್ಲಿ ಬಿಟ್ಟಿಯಾಗಿ ಬೆಳೆಯುತ್ತದೆ.

ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಬ್ಯಾಟರಿ ಮುಚ್ಚಳದೊಳಗೆ ಆ ನೀರು ಹೋಗಬಾರದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಒಣಗಿದ ಮೇಲೆ ವ್ಯಾಸಲೀನ್ ಸವರಿ.


ಬೆಟ್ಟದಮನೆ · ಏಪ್ರಿಲ್ 30

ಎಲ್ಲರಿಗೂ ಥ್ಯಾಂಕ್ಸ್. ನೀವು ಹೇಳಿದ್ದೆಲ್ಲ ನೋಡಿದೆ.

ಪ್ಲೇ ಸೊನ್ನೆ! ಪೆಡಲ್ ಮುಟ್ಟಿದ ಕೂಡಲೇ ಬಿಗಿ. ನನ್ನ ತಮ್ಮನಿಗೆ ಕಾಲನ್ನು ಪೆಡಲ್ ಮೇಲೆ ಇಟ್ಟುಕೊಂಡೇ ಓಡಿಸುವ ಅಭ್ಯಾಸ, ಅದೂ ಸೇರಿರಬೇಕು. ರಾಡಿನ ನಟ್ ಜಂಗು ಹಿಡಿದಿತ್ತು, ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟ ಮೇಲೆ ಬಂತು. 25 ಮಿಲಿಮೀಟರ್ ಇಟ್ಟಿದ್ದೇನೆ. ಪರೀಕ್ಷೆಯಲ್ಲಿ ಇಂಜಿನ್ ಬಂದ್ ಬಿತ್ತು. ಟ್ರಾಲಿ ಏರು ಹತ್ತಿತು.

ಟರ್ಮಿನಲ್ಲಿನಲ್ಲಿ ಸುಳ್ಯದವರು ಹೇಳಿದ ಮೈಲುತುತ್ತ ಎರಡು ಚಮಚ ಸಿಕ್ಕಿತು. ತೊಳೆದೆ. ಸೆಲ್ಫ್ ಸ್ವಲ್ಪ ಪರವಾಗಿಲ್ಲ, ಪೂರ್ತಿ ಸರಿಯಾಗಿಲ್ಲ. ಕೆಳಗಿನ ತೂತು ಕೆಸರಿನಿಂದ ಮುಚ್ಚಿಹೋಗಿತ್ತು. ಕಡ್ಡಿ ಹಾಕಿ ಬಿಡಿಸಿದ್ದೇನೆ.


ಕಬ್ಬಿನಗದ್ದೆ · ಮೇ 1

ನೋಡಿ, ಒಂದು ನಟ್ ತಿರುಗಿಸಿ ಮುಗೀತು. ನಾನು ಹೇಳಿದ್ದು ತಪ್ಪಾಯ್ತು, ಒಪ್ಕೋತೀನಿ.


ಬೆಟ್ಟದಮನೆ · ಮೇ 5

ಗದ್ದೆಯವರೇ, ಅವಸರ ಮಾಡಬೇಡಿ, ನೀವೇ ಗೆದ್ದ ಹಾಗಿದೆ. ಐದು ದಿನ ಚೆನ್ನಾಗಿತ್ತು. ಇವತ್ತು ಮತ್ತೆ ಜಾರಿತು. ಪ್ಲೇ ಹಾಗೇ ಇದೆ. ಬಿಡಿಸಿದ ತೂತಿನಿಂದ ಕಪ್ಪು ಎಣ್ಣೆ ಬರುತ್ತಿದೆ. ಅಡಿಯಲ್ಲಿ ಗೋಣಿ ಹಾಸಿ ನೋಡಿದೆ. ಒಂದು ರಾತ್ರಿಗೆ ಅಂಗೈಯಗಲ ಕಲೆ.


ಹದಿಮೂರು ಪಾನಾ · ಮೇ 5

ಎಣ್ಣೆ ಮೂಸಿ ನೋಡಿ. ತಮಾಷೆಯಲ್ಲ. ಗೇರ್ ಎಣ್ಣೆಗೆ ಕೊಳೆತ ಮೊಟ್ಟೆಯ ಹಾಗೆ ಗಂಧಕದ ವಾಸನೆ ಇರುತ್ತದೆ, ದಪ್ಪ ಇರುತ್ತದೆ. ಅದಾದರೆ ಗೇರ್‌ಬಾಕ್ಸಿನ ಮುಂದಿನ ಸೀಲ್. ತೆಳುವಾಗಿ ಮಸಿ ಕಪ್ಪಾಗಿದ್ದರೆ ಇಂಜಿನ್ ಎಣ್ಣೆ. ಅಂದರೆ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂದೆ ಎಣ್ಣೆ ತಡೆಯುವ ಸೀಲ್ ಹೋಗಿದೆ. ಎರಡಕ್ಕೂ ಬಿಚ್ಚಲೇಬೇಕು.


ಬೆಟ್ಟದಮನೆ · ಮೇ 5

ಮೂಸಿದೆ. ಇಂಜಿನ್ ಎಣ್ಣೆಯೇ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಮಾತಾಡಲಿಲ್ಲ.


ಸುಳ್ಯದ ಮಳೆ · ಮೇ 6

ಬಿಚ್ಚಿದಾಗ ಪ್ಲೇಟಿನಲ್ಲಿ ದಪ್ಪ ಇನ್ನೂ ಉಂಟಾದರೆ ಪೆಟ್ರೋಲಿನಲ್ಲಿ ತೊಳೆದು ಉಪ್ಪುಕಾಗದ ಉಜ್ಜಿ ಹಾಕಿ. ನಮ್ಮ ಕಡೆ ಹಾಗೇ ಮಾಡುವುದು. ಹೊಸ ಪ್ಲೇಟ್ ಯಾಕೆ ಸುಮ್ನೆ?


ಹದಿಮೂರು ಪಾನಾ · ಮೇ 6

ಮಳೆಯವರೇ, ಇದೊಂದು ಮಾತ್ರ ಬೇಡ. ಎಣ್ಣೆ ಕುಡಿದ ಪ್ಲೇಟ್ ಬಟ್ಟೆಯ ಹಾಗೆ. ಮೇಲಿನ ಎಣ್ಣೆ ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಬಿಸಿಯಾದ ಕೂಡಲೇ ಮತ್ತೆ ಮೇಲೆ ಬರುತ್ತದೆ. ಹತ್ತು ದಿನಕ್ಕೆ ಮತ್ತೆ ಅದೇ ಏರು, ಅದೇ ಕೂಗು. ಪ್ಲೇಟಿನ ರೇಟಿಗಿಂತ ಬಿಚ್ಚಿ ಸೇರಿಸುವ ಕೂಲಿ ಜಾಸ್ತಿ. ಒಮ್ಮೆ ಬಿಚ್ಚಿದ ಮೇಲೆ ಪ್ಲೇಟ್, ರಿಲೀಸ್ ಬೇರಿಂಗ್, ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್, ಸೀಲ್, ಇಷ್ಟು ಹೊಸದು ಹಾಕಿಬಿಡಿ. ಪ್ರೆಶರ್ ಪ್ಲೇಟಿನಲ್ಲಿ ನೀಲಿ ಕಲೆ, ಬಿರುಕು ಇಲ್ಲದಿದ್ದರೆ, ಬೆರಳುಗಳೆಲ್ಲ ಒಂದೇ ಎತ್ತರ ಇದ್ದರೆ ಹಳೆಯದೇ ನಡೆಯುತ್ತದೆ.

ಇನ್ನೊಂದು. ಒಳಗಿನ ಕಪ್ಪು ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಬೇಡಿ, ಉಪ್ಪುಕಾಗದವನ್ನೂ ಉಜ್ಜಬೇಡಿ. ಹಳೇ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ. ನಾವು ಚಿಕ್ಕವರಿದ್ದಾಗ ಅದನ್ನೇ ಉಸಿರಾಡುತ್ತಾ ಊಟ ಮಾಡಿದವರು. ಅದಕ್ಕೇ ಹೇಳುತ್ತಿದ್ದೇನೆ.


ಕಾಫಿಕಣ · ಮೇ 6

ಸೀಲ್ ಯಾಕೆ ಹೋಯಿತು ಅಂತಲೂ ನೋಡಿ. ವಯಸ್ಸಾಗಿ ಹೋಗಿರಬಹುದು. ಆದರೆ ಇಂಜಿನ್ ಉಸಿರಾಡುವ ಪೈಪ್, ಅದೇ ಬ್ರೀದರ್, ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಹೊರಗೆ ಹೋಗಲು ದಾರಿ ಇಲ್ಲದೆ ಸೀಲನ್ನೇ ತಳ್ಳುತ್ತದೆ. ಹೊಸ ಸೀಲ್ ಹಾಕಿದರೂ ಸೋರುತ್ತದೆ.


ಬೆಟ್ಟದಮನೆ · ಮೇ 7

ಕಾಫಿಕಣದವರಿಗೆ ನೂರು ಮಾರ್ಕು. ಬ್ರೀದರ್ ಪೈಪಿನ ತುದಿಯಲ್ಲಿ ಕುಂಬಾರಹುಳ ಮಣ್ಣಿನ ಗೂಡು ಕಟ್ಟಿದೆ! ಪೈಪ್ ಬಾಯಿ ಸಿಮೆಂಟ್ ಹಾಕಿದ ಹಾಗೆ ಮುಚ್ಚಿದೆ. ಕಳೆದ ಮಳೆಗಾಲದಲ್ಲಿ ಗಾಡಿ ಎರಡು ತಿಂಗಳು ಕೊಟ್ಟಿಗೆಯಲ್ಲಿ ನಿಂತಿತ್ತು, ಆಗಲೇ ಕಟ್ಟಿರಬೇಕು. ಒಂದು ಹುಳ ನನ್ನ ಕ್ಲಚ್ ತಿಂದಿತು ಅಂತ ಯಾರಿಗೆ ಹೇಳಲಿ?

ಪಕ್ಕದ ಊರಿನ ಮೆಕ್ಯಾನಿಕ್ ಒಬ್ಬರು ನಮ್ಮ ಅಂಗಳದಲ್ಲೇ ಬಂದು ಬಿಚ್ಚಲು ಒಪ್ಪಿದ್ದಾರೆ. ನಾನು, ತಮ್ಮ ಕೈಯಾಳುಗಳು. ಮೊದಲೇ ತಿಳಿದಿರಬೇಕಾದ್ದು ಏನಾದರೂ ಇದೆಯಾ?


ಹದಿಮೂರು ಪಾನಾ · ಮೇ 7

ಇದೆ. ಇದನ್ನು ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸಿಮೆಂಟ್ ನೆಲ ಅಥವಾ ಗಟ್ಟಿ ನೆಲ ಬೇಕು. ಅಂಗಳದ ಮೆತ್ತನೆ ಮಣ್ಣಿನಲ್ಲಿ ಜಾಕಿ ಹೂತುಹೋಗುತ್ತದೆ. ಹಲಗೆ ಹಾಕಿ. ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು.

ಬ್ಯಾಟರಿ ಮೈನಸ್ ಮೊದಲು ಬಿಚ್ಚಿ. ಸೆಲ್ಫ್ ಮೋಟರಿನ ದಪ್ಪ ವೈರಿನಲ್ಲಿ ಫ್ಯೂಸ್ ಇರುವುದಿಲ್ಲ. ಪಾನಾ ಅಡ್ಡ ತಾಗಿದರೆ ವೆಲ್ಡಿಂಗೇ. ಆಮೇಲೆ ಡೀಸೆಲ್ ಪೈಪ್, ಹೈಡ್ರಾಲಿಕ್ ಪೈಪ್, ಸ್ಟೇರಿಂಗ್ ರಾಡ್, ಆಕ್ಸಿಲರೇಟರ್, ಮುಂದಿನ ಚಕ್ರಕ್ಕೆ ಹೋಗುವ ಶಾಫ್ಟ್, ವೈರಿಂಗಿನ ಜೋಡಣೆಗಳು. ಒಂದೊಂದು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ. ನೆನಪಿರುತ್ತದೆ ಅನ್ನಬೇಡಿ, ಇರುವುದಿಲ್ಲ.

ಈಗ ಮುಖ್ಯವಾದದ್ದು. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ ಮೇಲೆ ತೊಟ್ಟಿಲ ಹಾಗೆ ಆಡುತ್ತದೆ. ಗುಂಡಿಯಲ್ಲಿ ಒಂದು ಚಕ್ರ ಇಳಿದರೂ ಗಾಡಿ ವಾಲದಿರಲಿ ಅಂತ ಹಾಗೆ ಮಾಡಿದ್ದಾರೆ. ಹಿಂದಿನ ಅರ್ಧ ಬೇರೆಯಾದ ಕೂಡಲೇ ಮುಂದಿನ ಅರ್ಧಕ್ಕೆ, ಅಂದರೆ ಇಂಜಿನ್ನಿಗೆ, ಎಡ ಬಲ ಹಿಡಿದು ನಿಲ್ಲಿಸುವವರು ಯಾರೂ ಇರುವುದಿಲ್ಲ. ಒಂದು ಪಕ್ಕಕ್ಕೆ ಮಗುಚುತ್ತದೆ. ಆಕ್ಸಲ್ ಮತ್ತು ಅದರ ಮೇಲಿನ ಚೌಕಟ್ಟಿನ ನಡುವೆ ಎರಡೂ ಕಡೆ ಮರದ ಬೆಣೆ ಬಡಿಯಿರಿ. ಇಂಜಿನ್ ಅಡಿಯಲ್ಲಿ ಒಂದು, ಗೇರ್‌ಬಾಕ್ಸ್ ಅಡಿಯಲ್ಲಿ ಒಂದು ಸ್ಟ್ಯಾಂಡ್ ಇಡಿ. ಬರೀ ಜಾಕಿಯನ್ನು ನಂಬಬೇಡಿ. ಎರಡು ಅರ್ಧದ ನಡುವೆ ಕೈ, ಕಾಲು ಹಾಕಲೇಬೇಡಿ.

ಹೊಸ ಪ್ಲೇಟ್ ಕೂರಿಸುವಾಗ ಅದರ ಯಾವ ಮುಖ ಫ್ಲೈವೀಲ್ ಕಡೆ ಅಂತ ನೋಡಿ. ಬರೆದಿರುತ್ತಾರೆ. ತಿರುವು ಹಾಕಿದರೆ ಎಲ್ಲ ಸೇರಿಸಿದ ಮೇಲೆ ಗೇರೇ ಬೀಳುವುದಿಲ್ಲ. ನಡುವಿನ ತೂತು ನೇರ ಬರಲು ಅಲೈನ್‌ಮೆಂಟ್ ಶಾಫ್ಟ್ ಬೇಕು. ಗೇರ್‌ಬಾಕ್ಸಿನ ಹಳೇ ಇನ್‌ಪುಟ್ ಶಾಫ್ಟ್ ಸಿಕ್ಕರೆ ಅದೇ. ಇಲ್ಲದಿದ್ದರೆ ಸರಿ ಅಳತೆಗೆ ಕೆತ್ತಿದ ಮರದ ಗೂಟವೂ ನಡೆಯುತ್ತದೆ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರು, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ತಟ್ಟೆ ಡೊಂಕಾಗುತ್ತದೆ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳ್ಳಗೆ, ದೇವರಿಗೆ ಕುಂಕುಮ ಹಚ್ಚಿದಷ್ಟು. ಜಾಸ್ತಿ ಆದರೆ ಅದೇ ಹಾರಿ ಹೊಸ ಪ್ಲೇಟಿಗೆ ಕೂರುತ್ತದೆ.

ಕೊನೆಗೆ ಎರಡು ಅರ್ಧ ಸೇರಿಸುವಾಗ ಕೊನೆಯ ಅರ್ಧ ಇಂಚು ಕೂರದಿದ್ದರೆ ಬೋಲ್ಟ್ ಹಾಕಿ ಎಳೆಯಬೇಡಿ. ಬೋಲ್ಟ್ ಕೂರುವ ಕಿವಿ ಮುರಿಯುತ್ತದೆ. ಗೇರಿನಲ್ಲಿ ಹಾಕಿ ಹಿಂದೆ ಉಪಕರಣ ತಿರುಗಿಸುವ ಪಿಟಿಒ ಶಾಫ್ಟನ್ನೋ ಚಕ್ರವನ್ನೋ ಸ್ವಲ್ಪ ತಿರುಗಿಸಿ. ಹಲ್ಲು ಸೇರಿದರೆ ತಾನೇ ಒಳಗೆ ಜಾರುತ್ತದೆ.


ಓಹಾಯೋ ಕನ್ನಡಿಗ · ಮೇ 8

ಇಲ್ಲಿ ಗಾರ್ಡನ್ ಟ್ರ್ಯಾಕ್ಟರ್ ಅಂದರೆ ಹುಲ್ಲು ಕತ್ತರಿಸುವ, ಹಿಮ ತಳ್ಳುವ ಗಾಡಿ. ನಿಮ್ಮದಕ್ಕೆ ಹೋಲಿಸಿದರೆ ಆಟಿಕೆ. ಆದರೆ ನನ್ನ ಹಳೇ ಗಾಡಿಯಲ್ಲಿ ಕ್ಲಚ್ ಕೆಟ್ಟರೆ ಮಲ್ಟಿಮೀಟರ್ ಹಿಡಿಯಬೇಕು. ಬ್ಲೇಡ್ ತಿರುಗಿಸುವ ಕ್ಲಚ್ ಒಂದು ವಿದ್ಯುತ್ ಅಯಸ್ಕಾಂತ. ಸ್ವಿಚ್ ಎಳೆದರೆ 12 ವೋಲ್ಟ್ ಹೋಗಿ ತಟ್ಟೆಯನ್ನು ಸೆಳೆದು ಹಿಡಿಯುತ್ತದೆ. ಸುರುಳಿಯ ಅಳತೆ ಸುಮಾರು 3 ಓಮ್, ಅಂದರೆ 4 ಆಂಪ್ ಕರೆಂಟು. ಎರಡು ವರ್ಷ ಕ್ಲಚ್ ಸವೆದಿದೆ ಅಂತಲೇ ತಿಳಿದಿದ್ದೆ. ನೋಡಿದರೆ ಸೀಟಿನ ಅಡಿಯ ಸ್ವಿಚ್ಚಿಗೆ ಜಂಗು. ಕ್ಲಚ್ಚಿಗೆ 9 ವೋಲ್ಟ್ ಮಾತ್ರ ತಲುಪುತ್ತಿತ್ತು. ತೂಕ ಇಳಿಸಿದ ಕಾರಣ ಸೀಟ್ ಒತ್ತುತ್ತಿಲ್ಲ ಅಂತ ಹೆಂಡತಿಗೆ ಬೇರೆ ಹೇಳಿಕೊಂಡಿದ್ದೆ.


ತುಂಗೆ ದಂಡೆ · ಮೇ 8

ನಮ್ಮನೇಲಿ ಬೆಂಗಳೂರಿನ ವಿ.ಎಸ್.ಟಿ. ಕಂಪನಿಯ ಶಕ್ತಿ 130 ಟಿಲ್ಲರ್, 13 ಎಚ್‌ಪಿ. ಬ್ಯಾಟರಿ ಇಲ್ಲ, ಸೆಲ್ಫ್ ಇಲ್ಲ. ಹ್ಯಾಂಡಲ್ ಹೊಡೆದರೆ ಸ್ಟಾರ್ಟ್. ನಿಮ್ಮ ಮಾತೆಲ್ಲ ಓದಿ ಹಾಯಾಗಿ ಮಲಗಿದೆ. ರಟ್ಟೆ ಮಾತ್ರ ನೋಯುತ್ತದೆ.


ಬೆಟ್ಟದಮನೆ · ಮೇ 19

ಕ್ಲಚ್ ಕೆಲಸ ಮುಗಿಯಿತು. ಎರಡು ದಿನ ಹಿಡಿಯಿತು. ಬೆಣೆ ಬಡಿಯದೆ ಬಿಚ್ಚಲು ಹೊರಟಿದ್ದರು, ಪಾನಾ ಅಣ್ಣನ ಬರಹ ಓದಿ ಹೇಳಿದೆ. ಮೆಕ್ಯಾನಿಕ್ ಮೊಬೈಲ್ ಇಸಿದುಕೊಂಡು ತಾವೇ ಪೂರ್ತಿ ಓದಿದರು. ಹಳೇ ಪ್ಲೇಟ್ ರಿವೆಟ್ ಮಟ್ಟಕ್ಕೆ ಬಂದಿತ್ತು, ಮೇಲಿಂದ ಎಣ್ಣೆಯ ಹೊಳಪು. ಪ್ಲೇಟ್, ಎರಡು ಬೇರಿಂಗ್, ಸೀಲ್, ಕೂಲಿ ಎಲ್ಲ ಸೇರಿ 9,400 ರೂಪಾಯಿ.

ಈಗ ಬೇರೆ ಗ್ರಹಚಾರ. ಎಲ್ಲ ಸೇರಿಸಿ ಕೀ ತಿರುಗಿಸಿದರೆ ಟಕ್ ಟಕ್ ಟಕ್. ಸೆಲ್ಫ್ ತಿರುಗುವುದೇ ಇಲ್ಲ. ಹಾರ್ನ್ ಹೊಡೆಯುತ್ತದೆ, ದೀಪ ಉರಿಯುತ್ತದೆ. ಮೆಕ್ಯಾನಿಕ್ ಬೇರೆ ಕಡೆ ಹೋಗಬೇಕಿತ್ತು, ಸೆಲ್ಫ್ ಮೋಟರ್ ಎಲೆಕ್ಟ್ರಿಷಿಯನ್ನಿಗೆ ತೋರಿಸಿ ಎಂದು ಹೋದರು. ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಿದ್ದೇವೆ. ಹಾಗೆ ನೋಡಿದರೆ ಕ್ಲಚ್ ಬೆಣ್ಣೆಯ ಹಾಗಿದೆ.

ತಲೆಬರಹ ಬದಲಿಸಿದ್ದೇನೆ.


ಕಬ್ಬಿನಗದ್ದೆ · ಮೇ 19

ಬ್ಯಾಟರಿ. ಈ ಸಲ ನೂರಕ್ಕೆ ನೂರು.


ಸುಳ್ಯದ ಮಳೆ · ಮೇ 19

ನನಗೆ ಸೆಲ್ಫಿನ ಕಾರ್ಬನ್ (ಮೋಟರಿನೊಳಗೆ ಕರೆಂಟು ದಾಟಿಸುವ ತುಂಡು) ಸವೆದದ್ದು ಅಂತ ಕಾಣುತ್ತದೆ. ಮೋಟರಿಗೆ ಸುತ್ತಿಗೆಯ ಹಿಡಿಯಿಂದ ಮೆಲ್ಲ ತಟ್ಟಿ ನೋಡಿ. ತಿರುಗಿದರೆ ಕಾರ್ಬನ್ನೇ.


ಕಾಫಿಕಣ · ಮೇ 20

ಕೆಲವು ಗಾಡಿಯಲ್ಲಿ ಕ್ಲಚ್ ಒತ್ತಿದರೆ ಮಾತ್ರ ಸೆಲ್ಫ್ ಹೊಡೆಯುವ ಹಾಗೆ ಪೆಡಲ್ ಹತ್ತಿರ ಸ್ವಿಚ್ ಇರುತ್ತದೆ. ಪ್ಲೇ ಬದಲಿಸಿದಾಗ ಪೆಡಲ್ ಅದಕ್ಕೆ ತಾಗದೆ ಇರಬಹುದು ಅಲ್ವಾ?


ವೈರ್‌ಮನೆ · ಮೇ 20

ದಾವಣಗೆರೆಯಿಂದ. ಗಾಡಿ ಕರೆಂಟಿನ ಕೆಲಸವೇ ನನ್ನ ಕಸುಬು.

ಕಾಫಿಕಣದವರ ಊಹೆ ಒಳ್ಳೆಯದು, ಆದರೆ ಸ್ವಿಚ್ ತಾಗದಿದ್ದರೆ ಟಕ್ ಅನ್ನುವ ಸದ್ದೂ ಬರುವುದಿಲ್ಲ. ಸದ್ದು ಬಂತು ಅಂದರೆ ಕೀಯಿಂದ, ಮೋಟರಿಗೆ ದಪ್ಪ ಕರೆಂಟು ಬಿಡುವ ಸ್ವಿಚ್ಚಾದ ಸೊಲೆನಾಯ್ಡ್‌ವರೆಗೆ ಎಲ್ಲ ಸರಿ. ತೊಂದರೆ ಇರುವುದು ದಪ್ಪ ಕರೆಂಟು ಹೋಗುವ ದಾರಿಯಲ್ಲಿ. ಬ್ಯಾಟರಿ, ಪ್ಲಸ್ ಕೇಬಲ್, ಮೋಟರ್, ಮತ್ತೆ ಬ್ಯಾಟರಿಗೆ ವಾಪಸ್ ಬರುವ ಅರ್ತ್.

ಮೂರು ಪ್ರಶ್ನೆ. ಮಲ್ಟಿಮೀಟರ್ ಇದೆಯಾ? ಕೀ ತಿರುಗಿಸಿದಾಗ ಬ್ಯಾಟರಿಯ ಎರಡು ಕಂಬಗಳ ನಡುವೆ ಎಷ್ಟು ತೋರಿಸುತ್ತದೆ? ಯಾವುದಾದರೂ ವೈರ್ ಬಿಸಿಯಾಗುತ್ತಿದೆಯಾ?


ಬೆಟ್ಟದಮನೆ · ಮೇ 21

ಮೀಟರ್ ಮಗಳ ಶಾಲೆಯ ಪ್ರಾಜೆಕ್ಟಿಗೆ ತಂದದ್ದಿತ್ತು. ಸುಮ್ಮನಿದ್ದಾಗ 12.5. ಕೀ ತಿರುಗಿಸಿದಾಗ 11.9. ಮೋಟರಿಗೆ ತಟ್ಟಿಯೂ ನೋಡಿದೆ, ಉಪಯೋಗವಿಲ್ಲ.

ಬಿಸಿ ಅಂತ ಕೇಳಿದಿರಲ್ಲ, ಒಂದು ವಿಚಿತ್ರ. ಹಿಂದಿನ ಮಡ್‌ಗಾರ್ಡಿಗೆ ಐದು ವರ್ಷದ ಹಿಂದೆ ಒಂದು ಹ್ಯಾಲೊಜನ್ ಲೈಟ್ ಹಾಕಿಸಿದ್ದೆವು, ರಾತ್ರಿ ಅಡಿಕೆ ಕೊನೆ ಸಾಗಿಸಲು. ಅದು ಆಫ್ ಇತ್ತು. ಆದರೂ ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಅದರ ಕಪ್ಪು ವೈರ್ ಮುಟ್ಟಿದರೆ ಸುಡುವಷ್ಟು ಬಿಸಿ. ಪ್ಲಾಸ್ಟಿಕ್ ಮೆತ್ತಗಾಗಿದೆ. ಆಫ್ ಇರುವ ಲೈಟಿನ ವೈರ್ ಯಾಕೆ ಬಿಸಿಯಾಗಬೇಕು?


ವೈರ್‌ಮನೆ · ಮೇ 21

ಸೆಲ್ಫ್ ಹೊಡೆಯುವುದು ನಿಲ್ಲಿಸಿ!! ಬೆಂಕಿ ಹಿಡಿಯುತ್ತದೆ. ಆ ಕಪ್ಪು ವೈರನ್ನು ಈಗಲೇ ಬ್ಯಾಟರಿಯಿಂದ ಬಿಚ್ಚಿಡಿ.

ಇನ್ನು ಬ್ಯಾಟರಿ, ಮೋಟರ್ ಯಾವುದನ್ನೂ ತರಬೇಡಿ. ನಿಮ್ಮ ಬ್ಯಾಟರಿಯ ಮೈನಸ್‌ನಿಂದ ಗಾಡಿಯ ಮೈಗೆ ಹೋಗುವ ದಪ್ಪ ಅರ್ತ್ ಪಟ್ಟಿ ಎಲ್ಲಿ ಕೂರುತ್ತದೆ? ಕ್ಲಚ್ ಬಿಚ್ಚಿದ ಜಾಗದ ಹತ್ತಿರ ಅಲ್ವಾ?

ಹೇಗೆಂದರೆ, ಸೆಲ್ಫ್ ಮೋಟರಿಗೆ ಒಂದೇ ಕೇಬಲ್ ಹೋಗುತ್ತದೆ, ಪ್ಲಸ್. ಮೈನಸ್ ಕಬ್ಬಿಣದ ಮೈಯಲ್ಲೇ ಹರಿದು ಅರ್ತ್ ಪಟ್ಟಿಯಿಂದ ಬ್ಯಾಟರಿಗೆ ವಾಪಸ್ ಬರಬೇಕು. ಆ ಪಟ್ಟಿಯ ಜೋಡಣೆ ಕೆಟ್ಟರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ನಿಮ್ಮ ಲೈಟ್ ಹಾಕಿದವರು ಅದರ ಕಪ್ಪು ವೈರನ್ನು ನೇರ ಬ್ಯಾಟರಿ ಮೈನಸ್‌ಗೆ ತಂದಿದ್ದಾರೆ. ಲೈಟಿನ ಕಬ್ಬಿಣದ ಮೈ ಮಡ್‌ಗಾರ್ಡಿಗೆ ಬೋಲ್ಟ್ ಆಗಿದೆ. ಅಲ್ಲಿಗೆ ಗಾಡಿಯ ಮೈಯಿಂದ ಬ್ಯಾಟರಿಗೆ ಒಂದು ಕಳ್ಳದಾರಿ ಆಯಿತು. 5 ಆಂಪಿಗೆ ಹಾಕಿದ ಸಣ್ಣ ವೈರಿನಲ್ಲಿ ನೂರರ ಹತ್ತಿರ ಆಂಪ್ ನುಗ್ಗಿದರೆ ಬಿಸಿಯಾಗದೆ ಏನಾಗುತ್ತದೆ?

ದೀಪ, ಹಾರ್ನ್ ಯಾಕೆ ನಡೆಯುತ್ತವೆ ಅಂತ ಕೇಳುತ್ತೀರಿ. ಕೆಟ್ಟ ಜೋಡಣೆಯಲ್ಲಿ 0.02 ಓಮ್ ತಡೆ ಇದೆ ಅಂತಿಟ್ಟುಕೊಳ್ಳಿ. ದೀಪಕ್ಕೆ 8 ಆಂಪ್ ಹರಿದರೆ ಅಲ್ಲಿ ಹೋಗುವುದು 0.16 ವೋಲ್ಟ್, ಕಣ್ಣಿಗೂ ಗೊತ್ತಾಗುವುದಿಲ್ಲ. ಸೆಲ್ಫಿಗೆ 150 ಆಂಪ್ ಬೇಕು, ಆಗ ಅದೇ ಜಾಗದಲ್ಲಿ 3 ವೋಲ್ಟ್ ಮಾಯ. ನಿಮ್ಮಲ್ಲಿ ತಡೆ ಅದಕ್ಕಿಂತ ಎಷ್ಟೋ ಜಾಸ್ತಿ ಇದೆ. ಬ್ಯಾಟರಿ 11.9ಕ್ಕಿಂತ ಇಳಿಯದೆ ಇದ್ದದ್ದೇ ಸುಳಿವು. ಮೋಟರ್ ನಿಜವಾಗಿ ಎಳೆದಿದ್ದರೆ ಹತ್ತೂವರೆ ಹತ್ತಿರ ಇಳಿಯುತ್ತಿತ್ತು. ಬ್ಯಾಟರಿಯೇ ಸತ್ತಿದ್ದರೆ ಇನ್ನೂ ಕೆಳಗೆ ಬೀಳುತ್ತಿತ್ತು.

ಪಟ್ಟಿ ಬಿಚ್ಚಿ ನೋಡಿ ಬರೆಯಿರಿ.


ಹದಿಮೂರು ಪಾನಾ · ಮೇ 21

ಎಲ್ಲದಕ್ಕೂ ಫೋಟೋ ತೆಗೆಯಿರಿ ಅಂದೆ. ಅರ್ತ್ ಪಟ್ಟಿ ಕೂರುವ ಜಾಗ ಉಜ್ಜಿ ಅಂತ ಹೇಳಲು ಮರೆತೆ. ಅದು ನನ್ನ ತಪ್ಪು.


ಬೆಟ್ಟದಮನೆ · ಮೇ 22

ನಗಬೇಡಿ.

ಮೊದಲು ಲೈಟಿನ ವೈರ್ ಬಿಚ್ಚಿದೆ. ಪಟ್ಟಿ ಬಿಚ್ಚುವ ಮೊದಲು ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ಮೈಗೆ ಹಿಡಿದು, ಮಗಳಿಗೆ ಒಂದೇ ಕ್ಷಣ ಕೀ ತಿರುಗಿಸಲು ಹೇಳಿದೆ. ಮೀಟರ್ ಕುಣಿದು 8 ದಾಟಿತು. ಅಲ್ಲಿ ಹೆಚ್ಚೆಂದರೆ ಅರ್ಧ ವೋಲ್ಟ್ ಇರಬೇಕಂತೆ ಅಲ್ವಾ?

ಪಟ್ಟಿ ಕೂರುವುದು ಬೆಲ್ ಹೌಸಿಂಗಿನ, ಅಂದರೆ ಕ್ಲಚ್ ಮುಚ್ಚುವ ಕವಚದ, ಪಕ್ಕದ ಬೋಲ್ಟಿನಲ್ಲಿ. ಕ್ಲಚ್ ಬಿಚ್ಚಿದಾಗ ನನ್ನ ತಮ್ಮನಿಗೆ, ಇಷ್ಟು ಚೆನ್ನಾಗಿ ತೊಳೆದಿದ್ದೇವೆ, ಒಂದು ಕೈ ಬಣ್ಣವನ್ನೂ ಬಳಿದುಬಿಡೋಣ ಅಂತ ಅನಿಸಿತ್ತು. ಗೇಟಿಗೆ ತಂದು ಉಳಿದಿದ್ದ ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆದಿದ್ದ. ಬೋಲ್ಟ್ ಕೂರುವ ಜಾಗಕ್ಕೂ, ಬೋಲ್ಟಿನ ತಲೆಗೂ, ಪಟ್ಟಿಯ ತುದಿಗೂ. ಏನೂ ಬಿಟ್ಟಿಲ್ಲ. ಬಣ್ಣದ ಅಡಿಯಲ್ಲಿ ಹಳೇ ಜಂಗು ಬೇರೆ. ಪಟ್ಟಿಯ ಎಳೆಗಳಲ್ಲಿ ಅರ್ಧದಷ್ಟು ಹಸಿರಾಗಿ ಮುರಿದಿದ್ದವು.

ಅಂದರೆ ಮೊದಲಿನಿಂದಲೂ ಬೆಳಿಗ್ಗೆ ಸೆಲ್ಫ್ ಸುಸ್ತಾಗುತ್ತಿದ್ದುದು ಇದೇ ಜಾಗದಿಂದ. ಅರ್ಧ ಕೆಟ್ಟದ್ದನ್ನು ತಮ್ಮ ಪೂರ್ತಿ ಕೆಡಿಸಿದ.

ಉಪ್ಪುಕಾಗದದಲ್ಲಿ ಕಬ್ಬಿಣ ಹೊಳೆಯುವ ತನಕ ಉಜ್ಜಿದೆ. ಹೊಸ ಪಟ್ಟಿ 180 ರೂಪಾಯಿ. ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿಂದ ಗ್ರೀಸ್. ಕೀ ತಿರುಗಿಸಿದೆ. ಅಪ್ಪ ಒಳಗಿನಿಂದ "ಯಾರ ಗಾಡಿ ಬಂತು?" ಅಂತ ಕೇಳಿದರು. ಅಷ್ಟು ಜೋರಾಗಿ ಹೊಡೆಯಿತು.


ವೈರ್‌ಮನೆ · ಮೇ 22

ಶಭಾಷ್. ಈಗ ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಎಷ್ಟಿದೆ ನೋಡಿ. 13.8ರಿಂದ 14.4 ನಡುವೆ ಇದ್ದರೆ ಡೈನಮೊ, ರೆಗ್ಯುಲೇಟರ್ ಸರಿ ಇವೆ. 15 ದಾಟಿದರೆ ಬ್ಯಾಟರಿ ಕುದಿಯುತ್ತದೆ. ಮೆತ್ತಗಾದ ಲೈಟ್ ವೈರ್ ಪೂರ್ತಿ ಬದಲಿಸಿ, ಟೇಪ್ ಸುತ್ತಿ ಬಿಡಬೇಡಿ. ಅದಕ್ಕೊಂದು ಫ್ಯೂಸ್ ಹಾಕಿ. 55 ವ್ಯಾಟಿನ ಒಂದು ಲೈಟಿಗೆ 10 ಆಂಪ್ ಸಾಕು. ಫ್ಯೂಸ್ ಸುಟ್ಟರೆ ತಾಮ್ರದ ತಂತಿ ಸುತ್ತುವ ಬುದ್ಧಿವಂತರು ನಿಮ್ಮ ಮನೆಯಲ್ಲೂ ಇದ್ದಾರೆ ಅಂತ ನನಗೀಗ ಅನುಮಾನ.


ಬೆಟ್ಟದಮನೆ · ಮೇ 23

14.2. ಲೈಟ್ ಹಾಕಿದರೆ 13.7. ಬುದ್ಧಿವಂತ ಇದನ್ನೆಲ್ಲ ಓದುತ್ತಿದ್ದಾನೆ, ಸ್ವಲ್ಪ ಮೆಲ್ಲ ಬೈಯಿರಿ.


ಕಬ್ಬಿನಗದ್ದೆ · ಮೇ 23

ಎರಡು ಸಲ ನೂರಕ್ಕೆ ನೂರು ಅಂದೆ, ಅರ್ಧ ಮಾರ್ಕೂ ಬರಲಿಲ್ಲ. ನಿನ್ನೆ ರಾತ್ರಿ ಟಾರ್ಚ್ ಹಿಡ್ಕೊಂಡು ನನ್ನ ಗಾಡಿ ಅರ್ತ್ ಪಟ್ಟಿ ಹುಡುಕಿದೆ. ಬೋಲ್ಟ್ ಕೈಯಲ್ಲೇ ತಿರುಗ್ತು.


ಕಾಫಿಕಣ · ಜೂನ್ 4

ಬೆಟ್ಟದಮನೆಯವರೇ, ಮಳೆ ಹಿಡಿಯುವ ಮೊದಲು ಒಂದು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ತೇವಕ್ಕೆ ಫ್ಲೈವೀಲ್ ಜಂಗು ಹಿಡಿದು ಪ್ಲೇಟ್ ಅಂಟಿಕೊಳ್ಳುತ್ತದೆ. ಮೂಡಿಗೆರೆ ಮಳೆಯಲ್ಲಿ ನನಗೆ ಎರಡು ಸಲ ಆಗಿದೆ. ಕ್ಲಚ್ ಒತ್ತಿದರೂ ಗೇರ್ ಬೀಳುವುದಿಲ್ಲ. ನಾವು ಪೆಡಲನ್ನು ಪೂರ್ತಿ ಒತ್ತಿ ಹಗ್ಗದಲ್ಲಿ ಕಟ್ಟಿಡುತ್ತೇವೆ. ಆಗ ಪ್ಲೇಟ್ ಬಿಡಿಯಾಗಿ ಇರುತ್ತದೆ. ಆದರೆ ಗೇರಿನಲ್ಲಿ ನಿಲ್ಲಿಸಿದ್ದೇನೆ ಅಂತ ನಂಬಬೇಡಿ. ಕ್ಲಚ್ ಒತ್ತಿದ ಗಾಡಿಯನ್ನು ಗೇರ್ ಹಿಡಿಯುವುದಿಲ್ಲ. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲೂ ಇಡಿ.


ಬೆಟ್ಟದಮನೆ · ಜೂನ್ 11

ಔಷಧಿ ಹೊಡೆದು ಮುಗಿಯಿತು. ಡ್ರಮ್ ತುಂಬಿದ ಟ್ರಾಲಿ ಅದೇ ಏರನ್ನು ನಾಲ್ಕು ದಿನ ಹತ್ತಿತು. ಗಾಡಿಯ ಮೇಲೆ ಬಿದ್ದ ಮೈಲುತುತ್ತವನ್ನೆಲ್ಲ ಅದೇ ದಿನ ತೊಳೆದಿದ್ದೇವೆ. ನಿನ್ನೆಯಿಂದ ಮಳೆ ಬಿಡದೆ ಹೊಯ್ಯುತ್ತಿದೆ.

ಈಗ ಗಾಡಿ ಕೊಟ್ಟಿಗೆಯಲ್ಲಿದೆ. ಬ್ಯಾಟರಿ ಮೈನಸ್ ಬಿಚ್ಚಿದ್ದೇನೆ. ಬ್ರೀದರ್ ಬಾಯಿಗೆ ಗಾಳಿ ಆಡುವ ಹಾಗೆ ಸೊಳ್ಳೆಪರದೆ ತುಂಡು ಕಟ್ಟಿದ್ದೇನೆ. ನಾಲ್ಕು ಚಕ್ರಕ್ಕೂ ಕಲ್ಲು. ಕ್ಲಚ್ ಪೆಡಲ್ ಒತ್ತಿ ಆಕಳ ಕಣ್ಣಿಯಲ್ಲಿ ಕಟ್ಟಿಟ್ಟಿದ್ದೇನೆ. ಪಕ್ಕದ ಕಂಬದಲ್ಲಿರುವ ನಮ್ಮ ಗೌರಿಗೆ ಈಗ ಕಣ್ಣಿ ಇಲ್ಲ. ನಾಳೆ ಪೇಟೆಗೆ ಹೋದಾಗ ಒಂದು ತರಬೇಕು.